ಮೀಸೆಯ ಹಾಡು ಕಟ್ಟಿದವಳು

ನನ್ನ ನೆಗೆಣ್ಣಿಯ ಧ್ವನಿಯನ್ನು ನಾನು ಮೊದಲು ಕೇಳಿದ್ದು ನನ್ನ ಮದುವೆಯ ದಿನ. ಆಗ ಅವಳು ನನ್ನ ಅಪ್ಪನನ್ನು ಹಾಡಿನಲ್ಲಿ ಬೈಯುತ್ತಿದ್ದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಹಿರೇಕೆರೂರು ತಾಲ್ಲೂಕಿನ ಮಾಸೂರು, ಕೊಟ್ಟ ಮನೆ ಸವಣೂರು. ನಮ್ಮವರಲ್ಲಿ ಮದುವೆ ಗಂಡಿನ ಮನೆಯ ಮುಂದೆ ಹಂದರ ಹಾಕಿ ಮಾಡುವ ಪದ್ಧತಿ. ನಮ್ಮ ಕಡೆಯವರು ಒಂದು ಬಸ್ಸು ತುಂಬಿಕೊಂಡು ಬಂದು ಸವಣೂರಿನಲ್ಲಿ ಇಳಿದಾಗ ಸಣ್ಣಗೆ ಹನಿಯುತ್ತಿತ್ತು. ಅಪ್ಪನ ಬಗಲಲ್ಲಿ ಛತ್ರಿ ಇತ್ತು. ಆದರೆ ಅವನು ಅದನ್ನು ಬಿಚ್ಚದೆ, ತಲೆಯ ಮೇಲೆ ಟವೆಲ್ ಹೊದ್ದು ಬಂದು ಹಂದರದಲ್ಲಿ ಕುಳಿತ. ಅವನು ಕುಳಿತು ನೀರು ಕುಡಿಯುವುದರೊಳಗೆ ಪಡಸಾಲೆಯಲ್ಲಿದ್ದ ಹೆಂಗಸರ ನಡುವಿನಿಂದ ಒಂದು ದಪ್ಪ ಧ್ವನಿ ಎದ್ದಿತು:

ಬೀಗರು ಬಂದಾರ ಛತ್ರಿ ಬಗಲಾಗ,
ಬಿಸಿಲಿಗೂ ಬಿಚ್ಚಲಿಲ್ಲ, ಹನಿಗೂ ಬಿಚ್ಚಲಿಲ್ಲ.
ಒಳಗೇನೈತಂತ ಕೇಳಬ್ಯಾಡ್ರೆವ್ವ,
ಇಲಿ ಬಾಣಂತನ ನಡದೈತಿ, ಸಪ್ಪಳ ಮಾಡಬ್ಯಾಡ್ರೆವ್ವ.

ಹಂದರವೆಲ್ಲ ನಕ್ಕಿತು. ಅಪ್ಪ ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವನು ಎದ್ದು ನಿಂತು, ಎಲ್ಲರ ಮುಂದೆ ಛತ್ರಿ ಬಿಚ್ಚಿದ. ಮೂರು ಕಡ್ಡಿ ಮುರಿದಿದ್ದವು. ಒಂದು ಬದಿಯ ಬಟ್ಟೆ ಬಾವಲಿಯ ರೆಕ್ಕೆಯಂತೆ ಜೋತುಬಿದ್ದು ಅವನ ಕಿವಿ ಮುಚ್ಚಿತು. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕುಳಿತಿದ್ದ ನಾನು ನಗು ತಡೆಯಲಾರದೆ ಕೆಮ್ಮಿದೆ. ನನ್ನ ಅವ್ವ ಹಿಂದಿನಿಂದ ಬೆನ್ನಿಗೆ ಚಿವುಟಿದಳು.

ಬೀಗರ ಹಾಡು ಅಂದರೆ ಹಾಗೆಯೇ. ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲಿ ಬೈಯಬೇಕು, ಬೈಸಿಕೊಂಡವರು ಸಿಟ್ಟಿಗೇಳಬಾರದು. ಹೆಚ್ಚಿನವರು ಅಜ್ಜಿಯರಿಂದ ಕಲಿತ ನಾಲ್ಕು ಹಾಡನ್ನೇ ಎಲ್ಲ ಮದುವೆಯಲ್ಲೂ ಹಾಡಿ ಮುಗಿಸುತ್ತಿದ್ದರು. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಹಾಗಲ್ಲ. ಬಂದ ಬೀಗರ ಅಳತೆ ತೆಗೆದುಕೊಂಡು ಅವರವರಿಗೆ ಹೊಂದುವ ಹಾಡನ್ನು ಅಲ್ಲೇ ಹೊಲಿಯುತ್ತಿದ್ದಳು. ಹಾಡು ಕಟ್ಟುವವಳೂ ಅವಳೇ, ರಾಗ ಹಾಕುವವಳೂ ಅವಳೇ, ಮುಂದೆ ನಿಂತು ಹಾಡುವವಳೂ ಅವಳೇ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಸಣ್ಣಾಕಿ ಅನ್ನುತ್ತಿದ್ದಳು.

ಮದುವೆಯಾದ ಎಂಟು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅಪ್ಪನ ಛತ್ರಿ ನೆನಪಾದರೆ ನಗುವೂ ಸಿಟ್ಟೂ ಒಟ್ಟಿಗೆ ಬರುತ್ತಿತ್ತು. ನಮ್ಮ ಮನೆಯದು ವೀಳ್ಯದೆಲೆಯ ಕೆಲಸ. ಗಂಡಸರು ತೋಟದಿಂದ ಎಲೆ ಕೊಯ್ದು ತಂದು ಹಾಕಿದರೆ ನಾವಿಬ್ಬರೂ ಅಂಗಳದಲ್ಲಿ ಕೂತು ಹರಿದದ್ದನ್ನು ಬೇರೆ ತೆಗೆದು ಕಟ್ಟು ಕಟ್ಟಬೇಕು. ಒಂಬತ್ತನೆಯ ದಿನ ಅವಳು ಎಲೆಯ ತೊಟ್ಟು ಮುರಿಯುತ್ತ, ಯಾವುದೋ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, "ಮುಂದಿನ ಸಾಲು ಏನು ಕಟ್ಟಿದ್ನೋ ಮರತ ಹೋತು" ಅಂದಳು. ಅದು ಹಿಂದಿನ ದಿನ ಅವಳೇ ಹಾಡಿಕೊಂಡಿದ್ದ ಹಾಡು. ನಾನು ಮುಖ ಎತ್ತದೆಯೇ ಮುಂದಿನ ಸಾಲು ಹೇಳಿಬಿಟ್ಟೆ.

ಅವಳು ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ಒಮ್ಮೆ ಕೇಳಿದ್ರ ನೆಪ್ಪ ಉಳಿತೈತೇನ ನಿನಗ?"

"ಏಳನೇತ್ತ ಪಾಸಾಗೇನಿ" ಅಂದೆ, ಅದೇ ಕಾರಣ ಅನ್ನುವಂತೆ.

"ಹಂಗಾದ್ರ ಇವತ್ತಿಂದ ನೀನ ನನ್ನ ವಹಿ" ಅಂದಳು.

ಅಂದಿನಿಂದ ನಾನು ಅವಳ ಹಿಂದೆ ಹಾಡುವವಳಾದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಅವಳ ಹಾಡಿನ ನೋಟುಬುಕ್ಕು ನಾನೇ. ಅವಳ ಧ್ವನಿ ಗಿರಣಿ ಕಲ್ಲು ತಿರುಗಿದ ಹಾಗೆ. ಇಂಪು ಅನ್ನುವುದು ಅದರ ಹತ್ತಿರ ಸುಳಿದಿರಲಿಲ್ಲ. ನನ್ನದು ತೆಳು, ಎತ್ತರದ ಧ್ವನಿ. ಎರಡೂ ಸೇರಿದರೆ ಒಂದು ಬಗೆಯ ಮಜಾ ಬರುತ್ತಿತ್ತು.

ಅವಳ ಕೆಲಸದ ಗುಟ್ಟು ಬಂಕಾಪುರದ ಒಬ್ಬ ಬಳೆಗಾರ. ವಯಸ್ಸಾದ ಮುಸಲ್ಮಾನ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಳೆ ಇಡಿಸುತ್ತ ಊರೂರು ತಿರುಗುವವನು. ಅವನು ನೋಡದ ಅಡುಗೆಮನೆ ಇರಲಿಲ್ಲ. ಅವನು ನಮ್ಮ ಕಟ್ಟೆಯ ಮೇಲೆ ಕೂತರೆ ಅಕ್ಕ ಒಂದು ಬಟ್ಟಲು ಸವಣೂರು ಖಾರ, ಒಂದು ಕಪ್ಪು ಚಹಾ ಇಟ್ಟು, "ಚಾಚಾ, ಶಿಗ್ಗಾಂವಿಂದ ಬೀಗರು ಬರ್ತಾರ. ಹೆಂಗ ಅದಾರ ಮಂದಿ?" ಅನ್ನುತ್ತಿದ್ದಳು.

ಅವನು ಖಾರ ಅಗಿಯುತ್ತ, "ಮಂದಿ ಚಲೋ ಅದಾರವ್ವ. ನಾ ಯಾರ ಮ್ಯಾಲೂ ಏನೂ ಹೇಳಾವಲ್ಲ" ಅಂತ ಶುರುಮಾಡಿ, ಬಟ್ಟಲು ಖಾಲಿಯಾಗುವುದರೊಳಗೆ ಹುಡುಗಿಯ ಸೋದರಮಾವ ಗೊರಕೆ ಹೊಡೆಯುವುದರಿಂದ ಹಿಡಿದು ಅತ್ತೆ ತುಪ್ಪದ ಗಡಿಗೆಗೆ ಕೀಲಿ ಹಾಕುವವರೆಗೆ ಎಲ್ಲವನ್ನೂ ಹೇಳಿರುತ್ತಿದ್ದ. ಮದುವೆಯ ದಿನ ಹಾಡು ಎದ್ದಾಗ ಬೀಗರು ದಂಗಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಮ್ಮ ಮನೆಯ ತುಪ್ಪದ ಗಡಿಗೆ ಸವಣೂರಿಗೆ ಹೇಗೆ ಗೊತ್ತಾಯಿತು ಅಂತ.

ನಾಲ್ಕೈದು ವರ್ಷಗಳಲ್ಲಿ ನಮ್ಮನ್ನು ದೂರದ ಮದುವೆಗಳಿಗೂ ಕರೆಯತೊಡಗಿದರು. ಆದರೆ ಅವಳನ್ನು ಯಾರೂ ಹಾಡುವವಳು ಅನ್ನಲಿಲ್ಲ. "ಸವಣೂರಿನ ಬೈಯೂವಾಕಿನ್ನ ಕರಸ್ರಿ" ಅನ್ನುತ್ತಿದ್ದರು. ಪುರಾಣ ಹೇಳಲು ಬಂದವರಿಗೆ ಜಮಖಾನೆ, ಭಜನೆಯವರಿಗೆ ಬೆಲ್ಲ ನೀರು. ನಮಗೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಗೋಣಿಚೀಲ. ಕೆಲವರು ಮದುವೆಗೆ ಮೊದಲೇ ಗುಟ್ಟಾಗಿ ಬಂದು ಕುಬಸ ಹೊಲಿಸಲು ಕಣದ ಬಟ್ಟೆ ಕೊಟ್ಟು, "ಯವ್ವಾ, ನಮ್ಮ ಹಿರಿ ಮಗಳ ವಿಷಯ ಎತ್ತಬ್ಯಾಡ" ಅಂತ ಕೇಳಿಕೊಳ್ಳುತ್ತಿದ್ದರು. ಅವಳು ಕಣ ತೆಗೆದುಕೊಂಡು, ಕೊಟ್ಟ ಮಾತಿನಂತೆ ಹಿರಿಮಗಳನ್ನು ಬಿಟ್ಟು ಹಿರಿಯಳಿಯನನ್ನು ಹಿಡಿಯುತ್ತಿದ್ದಳು.

ಅವಳು ಕಟ್ಟಿದ ಹಾಡುಗಳಲ್ಲೆಲ್ಲ ಹೆಚ್ಚು ದೂರ ಹೋದದ್ದು ಮೀಸೆಯ ಹಾಡು. ಅದು ಹುಟ್ಟಿದ್ದು ಶಿಗ್ಗಾಂವಿಯ ಒಂದು ಮದುವೆಯಲ್ಲಿ. ನಾವು ಗಂಡಿನ ಕಡೆಯವರು. ಹೆಣ್ಣಿನ ಕಡೆಗೆ ಹಿರಿಯರಾಗಿ ಬಂದವರು ಹಾನಗಲ್ ಕಡೆಯ ಒಂದು ಊರಿನ ಅಕ್ಕಿ ಮಿಲ್ಲಿನ ಸಾವುಕಾರರು. ಬಿಳಿ ಧೋತರ, ಕೈಯಲ್ಲಿ ಬೆತ್ತ, ತುಟಿಯ ಮೇಲೆ ಇದ್ದಿಲಿನಂಥ ಕಪ್ಪು ಮೀಸೆ. ವಯಸ್ಸು ಅರವತ್ತು ದಾಟಿತ್ತು, ಮೀಸೆಗೆ ಮಾತ್ರ ಇಪ್ಪತ್ತೈದು. ಊಟಕ್ಕೆ ಗೋಧಿ ಹುಗ್ಗಿ ಬಡಿಸಿದ್ದರು. ಸಾವುಕಾರರು ಬಿಸಿ ಹಾಲು ಹಾಕಿಸಿಕೊಂಡು, ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಸುರ್ ಎಂದು ಕುಡಿದರು. ಬಟ್ಟಲು ಇಳಿಸಿದಾಗ ಮೀಸೆಯ ತುದಿ ಬೆಳ್ಳಗಾಗಿತ್ತು. ಬಟ್ಟಲಿನ ಅಂಚಿನಲ್ಲಿ ಕಾಡಿಗೆ ತೊಳೆದ ನೀರಿನಂಥ ಗೆರೆ.

ಅಡುಗೆಮನೆಯ ಕಿಟಕಿಯಿಂದ ಇದನ್ನು ಇಬ್ಬರೂ ನೋಡಿದೆವು. ನಾನು ಅಕ್ಕನ ಸೆರಗು ಎಳೆದೆ. ಅವಳ ತುಟಿ ಆಗಲೇ ಅಲುಗಾಡುತ್ತಿತ್ತು.

"ಅಕ್ಕ, ಬ್ಯಾಡ. ನಿನ್ನ ತಮ್ಮ ಅವರ ಲಾರಿ ಓಡಸ್ತಾನ."

ಅದು ನಿಜ. ಅವಳ ತವರು ಅದೇ ಊರು, ಒಬ್ಬನೇ ತಮ್ಮ ಅದೇ ಮಿಲ್ಲಿನಲ್ಲಿ ಡ್ರೈವರ್.

"ಅವ ಲಾರಿ ಓಡಸಲಿ. ನಾ ಹಾಡ ಓಡಸ್ತೇನಿ" ಅಂದಳು. ಆಮೇಲೆ ಒಂದು ಗಳಿಗೆ ಯೋಚಿಸಿ, "ನನ್ನ ಧ್ವನಿ ಊರಿಗೆಲ್ಲ ಗೊತ್ತೈತಿ. ಇವತ್ತ ಮುಂದ ನೀ ಹಾಡ, ಹಿಂದ ನಾವೆಲ್ಲಾ ಹಿಡಿತೇವಿ" ಅಂದಳು.

ಬೇಡ ಅನ್ನಬೇಕಿತ್ತು. ಆದರೆ ಅವಳು ಕಿವಿಯಲ್ಲಿ ಸಾಲು ಹೇಳಿದ ಕೂಡಲೇ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

ಮಿಲ್ಲಿನ ಸಾವುಕಾರ್ರ ಮೀಸಿ ನೋಡವ್ವ,
ಬಂದಾಗ ಕರ್ರಗ, ಉಂಡಾಗ ಬೆಳ್ಳಗ.
ಹುಗ್ಗಿ ಕರ್ರಗಾತು, ಮೀಸಿ ಬೆಳ್ಳಗಾತು,
ಯಾವುದ ಉಣ್ಣಲೆವ್ವ, ಯಾವುದ ತಿರುವಲೆವ್ವ?

ಹೊರಗೆ ಸಾಲಿನಲ್ಲಿ ಕೂತ ಗಂಡಸರು ಒಬ್ಬೊಬ್ಬರಾಗಿ ಸಾವುಕಾರರ ಬಟ್ಟಲಿನ ಕಡೆ ನೋಡಿದರು. ಅವರು ಕೈಯಿಂದ ಮೀಸೆ ಮುಚ್ಚಿಕೊಂಡು ಎದ್ದು, ಮೊದಲು ನೀರಿನ ಹಂಡೆಯ ಕಡೆಗೆ, ಆಮೇಲೆ ನಮ್ಮ ಬಾಗಿಲ ಕಡೆಗೆ ಬಂದರು. ಒಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ, "ಯಾರವ್ವಾ ಹಾಡಿದಾಕಿ?" ಅಂದರು.

"ಎಲ್ಲಾರೂ ಹಾಡಿದಿವ್ರಿ" ಅಂತ ಒಳಗಿನ ಹೆಂಗಸರು ಒಟ್ಟಿಗೆ ಅಂದರು. ನಾನು ಹಿಟ್ಟಿನ ಡಬ್ಬಿಯ ಹಿಂದೆ ಕೂತು ಏನೋ ಹುಡುಕುತ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು, "ಸಣ್ಣ ಹುಡುಗ್ಯಾರ ಇರ್ಬೇಕ್ರಿ, ತಿಳುವಳಿಕಿ ಇಲ್ಲದಾವು. ನಾ ಬೈತೇನಿ ಬಿಡ್ರಿ" ಅಂದಳು.

ಹಾಡು ನಮಗಿಂತ ಮೊದಲು ಊರೂರು ಸೇರಿತು. ಮುಂದಿನ ತಿಂಗಳು ಹಿರೇಕೆರೂರಿನ ಮದುವೆಗೆ ಹೋದರೆ ಅಲ್ಲಿಯ ಹೆಂಗಸರು ಅದನ್ನು ನಮಗೇ ಕಲಿಸಲು ಬಂದರು. ಯಲವಿಗಿ ಸ್ಟೇಶನ್ನಿನಲ್ಲಿ ಶೇಂಗಾ ಮಾರುವವಳು ಅದನ್ನು ಗುನುಗುತ್ತಿದ್ದಳು. ಸಾವುಕಾರರು ಮದುವೆಗಳಲ್ಲಿ ಹುಗ್ಗಿ ಬಿಟ್ಟು ಬರೀ ಅನ್ನ ಸಾರು ಉಣ್ಣತೊಡಗಿದರು. ಎಲ್ಲಿ ಹೋದರೂ ತೆಳು ಧ್ವನಿಯ ಹೆಣ್ಣುಮಗಳು ಯಾರು ಅಂತ ವಿಚಾರಿಸುತ್ತಿದ್ದರಂತೆ. ಅಕ್ಕನ ತಮ್ಮ ಒಮ್ಮೆ ಲಾರಿ ನಮ್ಮ ಮನೆಯ ಮುಂದೆ ನಿಲ್ಲಿಸಿ, ಒಳಗೆ ಬಂದು ಬಾಗಿಲು ಹಾಕಿಕೊಂಡು ಕೇಳಿದ:

"ಅಕ್ಕಾ, ಖರೇ ಹೇಳು. ಆ ಹಾಡು ನಿಂದೇನು?"

"ನನ್ನ ಧ್ವನಿ ತೆಳು ಐತೇನೋ?" ಅಂದಳು ಅಕ್ಕ.

ಅವನು ಸಮಾಧಾನವಾಗಿ ಚಹಾ ಕುಡಿದು ಹೋದ. ನಾನು ನನ್ನ ತೆಳು ಧ್ವನಿ ತೆಗೆದುಕೊಂಡು ಹಿತ್ತಲಿಗೆ ನಡೆದಿದ್ದೆ.

ಇದಾಗಿ ಏಳೆಂಟು ವರ್ಷವಾಗಿರಬೇಕು. ಆ ತಮ್ಮನೇ ಮತ್ತೊಂದು ಸುದ್ದಿ ತಂದ. ಜಾನಪದ ಹಾಡು ಕೂಡಿಸುವ ಒಬ್ಬ ಪಂಡಿತರು ಟೇಪ್ ರೆಕಾರ್ಡರ್ ಹಿಡಿದುಕೊಂಡು ಹಾನಗಲ್ ಕಡೆ ಬಂದಿದ್ದಾರೆ, ಸಾವುಕಾರರ ಮನೆಯಲ್ಲಿ ಇಳಿದಿದ್ದಾರೆ, ಹಳೆಯ ಹಾಡು ಬಲ್ಲ ಹೆಂಗಸರನ್ನೆಲ್ಲ ಸಾವುಕಾರರು ಕರೆಸುತ್ತಿದ್ದಾರೆ ಅಂತ. ಅಕ್ಕ ಇಳಕಲ್ ಸೀರೆ ಉಟ್ಟಳು. ತನ್ನ ಹಾಡನ್ನು ಯಂತ್ರದಲ್ಲಿ ಹಿಡಿಯುತ್ತಾರೆ ಅನ್ನುವುದು ಅವಳಿಗೆ ಎಷ್ಟು ಖುಷಿ ಕೊಟ್ಟಿತ್ತೆಂದರೆ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದಳು.

ಸಾವುಕಾರರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದೆವು. ಪಂಡಿತರು ಎಳೆ ವಯಸ್ಸಿನವರು, ಬಹಳ ಮರ್ಯಾದೆಯ ಮನುಷ್ಯ. ನಮಗೆಲ್ಲ ಕೈ ಮುಗಿದರು. ಪಕ್ಕದ ಕುರ್ಚಿಯಲ್ಲಿ ಸಾವುಕಾರರು. ಮೀಸೆ ಅದೇ ಕಪ್ಪು. ಬೀಸುವ ಹಾಡು, ತೊಟ್ಟಿಲ ಹಾಡು ಮುಗಿದ ಮೇಲೆ ಪಂಡಿತರು ವಹಿ ತಿರುವಿ ನೋಡಿ ಕೇಳಿದರು:

"ಹಿರೇಕೆರೂರಿನಲ್ಲಿ ಒಬ್ಬರು ಅರ್ಧ ಹಾಡು ಹೇಳಿದರು. ಯಾರದೋ ಮೀಸೆ, ಯಾವುದೋ ಹುಗ್ಗಿ. ಅದು ನಿಮ್ಮಲ್ಲಿ ಯಾರಿಗಾದರೂ ಪೂರ್ತಿ ಬರುತ್ತದೆಯೇ?"

ಹೆಂಗಸರೆಲ್ಲ ನೆಲ ನೋಡಿದರು. ಸಾವುಕಾರರ ಕೈ ಮೀಸೆಗೆ ಹೋಯಿತು. ನಾನು ಕೆಮ್ಮತೊಡಗಿದೆ, ಬಾಯಿ ತೆರೆದರೆ ನನ್ನ ಧ್ವನಿ ಸಿಕ್ಕಿಬೀಳುತ್ತಿತ್ತು. ಆಗ ಅಕ್ಕ, "ನನಗ ಬರ್ತೈತ್ರಿ" ಅಂದಳು.

ನನ್ನ ಕೆಮ್ಮು ನಿಜವಾದ ಕೆಮ್ಮಾಯಿತು.

ಅವಳು ತನ್ನ ಗಿರಣಿ ಧ್ವನಿಯಲ್ಲಿ, ನಿಧಾನವಾಗಿ, ದೇವರ ಹಾಡಿನಂತೆ ಎಳೆದು ಹಾಡಿದಳು. ಮಿಲ್ಲಿನ ಸಾವುಕಾರ್ರ ಅನ್ನುವಲ್ಲಿ ಕೋಟೆಯ ಸೇನಾಪತಿಯನ್ನು ತಂದು ಕೂರಿಸಿ "ಕೋಟಿಯ ದಳವಾಯಿ" ಅಂದಳು. ಉಳಿದದ್ದು ಇದ್ದ ಹಾಗೆಯೇ.

"ಇದು ಯಾರು ಕಟ್ಟಿದ ಹಾಡು, ತಾಯಿ?" ಅಂದರು ಪಂಡಿತರು.

ಅವಳು ನನ್ನ ಕಡೆ ನೋಡಿದಳು. ಬಾಗಿಲ ಹೊರಗೆ ಲಾರಿಯ ಕೀಲಿ ಹಿಡಿದುಕೊಂಡು ನಿಂತ ತಮ್ಮನ ಕಡೆ ನೋಡಿದಳು. "ನಮ್ಮ ಮುತ್ತಜ್ಜಿ ಹಾಡ್ತಿದ್ಲಂತ್ರಿ. ಆಕಿಗೆ ಆಕಿ ಮುತ್ತಜ್ಜಿ ಕಲಿಸಿದ್ದು. ನವಾಬರ ಕಾಲದ್ದು."

"ದಳವಾಯಿ ಯಾರು?"

"ಯಾರೋ ಏನೋ ಇದ್ನಂತ್ರಿ. ಯುದ್ಧಕ್ಕ ಹೋಗಂದ್ರ ಹುಗ್ಗಿ ಉಣ್ಣಾಕ ಕುಂತಿದ್ನಂತ."

ಪಂಡಿತರು ಬಗ್ಗಿ ಬಗ್ಗಿ ಬರೆದುಕೊಂಡರು. ಅವರಿಗಿಂತ ಹೆಚ್ಚು ಸಂತೋಷವಾದದ್ದು ಸಾವುಕಾರರಿಗೆ. ಮುಖದ ಮೇಲಿನ ಗಂಟುಗಳೆಲ್ಲ ಬಿಚ್ಚಿಕೊಂಡವು. "ಮತ್ತ! ನಾ ಅವತ್ತ ಅಂದಿದ್ದೆ, ಇದು ಹಳೇ ಹಾಡು ಇದ್ದಂಗೈತಿ ಅಂತ" ಎಂದು ಪಂಡಿತರಿಗೆ ಹೇಳಿದರು. ಅವರು ಹಾಗೆ ಎಂದೂ ಅಂದಿರಲಿಲ್ಲ. "ಮಂದಿಗೆ ತಿಳಿಯೂದಿಲ್ಲ ನೋಡ್ರಿ. ಹೊಟ್ಟಿಕಿಚ್ಚಿನಾವ್ರು ನನ್ನ ಮ್ಯಾಲೆ ಕಟ್ಯಾರಂತ ಸುದ್ದಿ ಹಬ್ಬಿಸಿದ್ರು." ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಊಟ. ಸಾವುಕಾರರು ಎಷ್ಟೋ ವರ್ಷಗಳ ಮೇಲೆ ಹುಗ್ಗಿ ಹಾಕಿಸಿಕೊಂಡರು. ಚಮಚೆಯಲ್ಲಿ ಉಂಡರು.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಜಗಳ ತೆಗೆದೆ.

"ಸ್ವಂತ ಹಾಡನ್ನ ಯಾವಾಕಿಗೋ ಕೊಟ್ಟ ಬಂದಿ. ಮುತ್ತಜ್ಜಿನ್ನ ನೀ ನೋಡೀಯೇನು?"

"ಆಕಿ ನನ್ನ ನೋಡಿಲ್ಲ, ನಾ ಆಕಿನ್ನ ನೋಡಿಲ್ಲ. ಇಬ್ಬರಿಗೂ ಬ್ಯಾಸರಿಲ್ಲ."

"ನಗಬ್ಯಾಡ ಅಕ್ಕ. ನಿನ್ನ ಹೆಸರು ಪುಸ್ತಕದಾಗ ಬರ್ತಿತ್ತು."

"ಹೆಸರು ಬಂದ ದಿನ ತಮ್ಮ ಮನ್ಯಾಗ ಕುಂದರತಿದ್ದ. ಹೆಸರು ತಿಂದು ನೀರು ಕುಡಿಯಾಕ ಬರ್ತೈತೇನು?" ಅಂದಳು. ನಕ್ಕಳು. ಆದರೆ ಆ ವಾರ ಎಲೆ ಕಟ್ಟುವಾಗ ಅವಳು ಹಾಡಲಿಲ್ಲ. ಒಂದು ದಿನ ಹಾಗೆಯೇ ತಲೆ ತಗ್ಗಿಸಿಕೊಂಡು, "ಸಣ್ಣಾಕಿ, ಆ ಮುತ್ತಜ್ಜಿ ಹಾಡು ಚಲೋ ಇತ್ತಲ್ಲ?" ಅಂದಳು. ಚಲೋ ಇತ್ತು ಅಂದೆ.

ಎರಡು ವರ್ಷದ ಮೇಲೆ ಪಂಡಿತರು ಪುಸ್ತಕವನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ನಾನು ಅಂಗಳದಲ್ಲಿ ಕೂತು ಓದಿದೆ, ಅವಳು ಎಲೆ ಕಟ್ಟುತ್ತ ಕೇಳಿದಳು. ಮೀಸೆಯ ಹಾಡಿನ ಕೆಳಗೆ "ಕರ್ತೃ ಅಜ್ಞಾತ" ಅಂತ ಅಚ್ಚಾಗಿತ್ತು.

"ಕರ್ತೃ ಅಂದ್ರ?"

"ಕಟ್ಟಿದಾವ್ರು."

"ಅಜ್ಞಾತ ಅಂದ್ರ?"

"ಯಾರಂತ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ಇಷ್ಟು ದೊಡ್ಡ ಮಾತು ಬೇಕಾತೇನು?" ಅಂದಳು. "ಮುಂದ ಓದು."

ಮುಂದೆ ಅರ್ಧ ಪುಟ ಟಿಪ್ಪಣಿ ಇತ್ತು. ಮೀಸೆಯ ಕಪ್ಪು ಇಳಿಯುವುದು ಸೈನ್ಯದ ಬಲ ಕುಂದಿದ್ದನ್ನು ಸೂಚಿಸುತ್ತದೆ, ಹುಗ್ಗಿ ಎಂಬುದು ಪ್ರಜೆಗಳ ಸಮೃದ್ಧಿ, ದಳವಾಯಿ ಅದನ್ನು ಕಬಳಿಸಿದ್ದಾನೆ ಎಂದೆಲ್ಲ. ಅಕ್ಕ ಪೂರ್ತಿ ಕೇಳಿದಳು.

"ಹಾಲು ಬಿಸಿ ಇತ್ತು" ಅಂದಳು. "ಅದಕ್ಕ ಇಳೀತು."

ಆಮೇಲೆ ಅವಳಿಗೆ ಮುತ್ತಜ್ಜಿಯ ರುಚಿ ಹತ್ತಿತು. ಹಾಡು ಬರೆದುಕೊಳ್ಳಲು ಬೇರೆ ಪಂಡಿತರೂ ಬರತೊಡಗಿದ್ದರು. ಅವಳು ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ನವಾಬರ ಕಾಲಕ್ಕೆ ಕಳಿಸುತ್ತಿದ್ದಳು. ಒಮ್ಮೆ ಮಾತ್ರ ತಪ್ಪಿದಳು. ಹಾಡಿನ ನಡುವೆ ಬಸ್ಸು ಬಂತು. ಬಂದವರು ಪೆನ್ನು ನಿಲ್ಲಿಸಿ, "ಆ ಕಾಲದಲ್ಲಿ ಬಸ್ಸು?" ಅಂದರು. "ಎತ್ತಿನ ಬಸ್ಸು ಇದ್ದುವ್ರಿ ಆಗ" ಅಂದಳು ಅಕ್ಕ. ಬರೆದುಕೊಂಡು ಹೋದರು.

ಎಂಬತ್ತರ ದಶಕ ಮುಗಿಯುವುದರೊಳಗೆ ಮದುವೆಗಳು ಬದಲಾದವು. ಕ್ಯಾಸೆಟ್ಟು ಬಂತು, ಕೊಳವೆ ಸ್ಪೀಕರ್ ಬಂತು, ಬೀಗರನ್ನು ಬೈಯಲು ಹೋದರೆ ಸಿನಿಮಾ ಹಾಡಿನಲ್ಲಿ ನಮ್ಮ ಧ್ವನಿ ಮುಳುಗತೊಡಗಿತು. ಕರೆಯುವುದು ಕಡಿಮೆಯಾಯಿತು. ಸಾವುಕಾರರು ತೀರಿಕೊಂಡರು, ಮಕ್ಕಳು ಮಿಲ್ಲು ಮಾರಿದರು, ಅಕ್ಕನ ತಮ್ಮ ಬೇರೆಯವರ ಟ್ರಕ್ಕು ಹಿಡಿದ. ಒಂದು ದಿನ ನಾನೇ ಅಂದೆ, "ಈಗ ಹೇಳ್ಬಹುದಲ್ಲ ಅಕ್ಕ. ಇನ್ನ ಯಾರ ಅಂಜಿಕಿ?"

ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ. ಶಿಗ್ಗಾಂವಿಯಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆ. ಕರೆಂಟು ಹೋಗಿ ಸ್ಪೀಕರ್ ಸುಮ್ಮನಾಗಿತ್ತು. ಹೆಂಗಸರು ಬೇಸರ ಕಳೆಯಲು ತಾವೇ ಹಾಡತೊಡಗಿದರು. ಯಾರೋ ಮೀಸೆಯ ಹಾಡು ಎತ್ತಿದರು, ದಳವಾಯಿ ಸಮೇತ. ಮುಗಿದ ಮೇಲೆ ಅಕ್ಕ ನಡುವೆ ಕೂತು, ಗಂಟಲು ಸರಿಮಾಡಿಕೊಂಡು ಅಂದಳು, "ಇದು ನಾ ಕಟ್ಟಿದ ಹಾಡು."

ಎಲ್ಲರೂ ನಕ್ಕರು. ಗಂಡಿನ ಅಕ್ಕ ಕನ್ನಡ ಶಾಲೆಯ ಮಾಸ್ತರಿಣಿ, ಕನ್ನಡಕ ಹಾಕಿದವಳು. ಬಹಳ ಮೆತ್ತಗೆ, "ಇಲ್ಲರೀ ದೊಡ್ಡವ್ವ, ಅದು ನವಾಬರ ಕಾಲದ್ದು. ಪುಸ್ತಕದಾಗ ಬರದಾರ, ನಾ ಓದೇನಿ" ಅಂದಳು.

"ಪುಸ್ತಕಕ್ಕ ಹೇಳಿದಾಕಿ ನಾನ."

"ಹೇಳಿರಬಹುದ್ರಿ. ಕಟ್ಟಿದಾವ್ರು ಬ್ಯಾರೆ ಅದಾರ. ಅಜ್ಞಾತ ಅಂತ ಹಾಕ್ಯಾರ."

ನಾನು ಸಾಕ್ಷಿ ಹೇಳಲು ಬಾಯಿ ತೆರೆದೆ. ಮನೆಯವಳ ಸಾಕ್ಷಿ ಯಾರು ನಂಬುತ್ತಾರೆ? ಅಕ್ಕನ ಮುಖ ಒಂದು ಕ್ಷಣ ಸಣ್ಣದಾಯಿತು. ತನ್ನದೇ ಸುಳ್ಳು ಅಚ್ಚಾಗಿ ಬಂದು ಎದುರಿಗೆ ಕೂತಿದೆ, ಎಬ್ಬಿಸಿದರೆ ಏಳುತ್ತಿಲ್ಲ. ಆಮೇಲೆ ಅವಳು ಆ ಮಾಸ್ತರಿಣಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

ಕನ್ನಡಕದ ಬೀಗಿತ್ತಿ ಪುಸ್ತಕ ತಗದಾಳ,
ಹುಗ್ಗ್ಯಾಗ ಬೆಲ್ಲೈತೇನು ಪುಸ್ತಕ ನೋಡ್ಯಾಳ.
ಗಂಡ ಎದುರಿಗೆ ನಿಂತು ನಾ ನಿನ್ನ ಗಂಡಂದ್ರ
ಯಾವ ಪುಟದಾಗ ಐತಿ ತೋರಸಂದಾಳ.

ಕೊನೆಯ ಸಾಲು ನಾನು ಹಿಡಿಯುವ ಮೊದಲೇ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಮಾಸ್ತರಿಣಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಎರಡು ಸಲ ಮತ್ತೆ ಹಾಡಿಸಿದಳು. ಅವಳ ತಾಯಿಗೆ ಮಾತ್ರ ಮುಖ ಬಿಗಿಯಿತು. ಮಗಳ ಗಂಡ ಅವಳನ್ನು ಬಿಟ್ಟು ಎರಡು ವರ್ಷದಿಂದ ಬೇರೆ ಊರಲ್ಲಿದ್ದನಂತೆ, ಅದು ನಮಗೆ ಗೊತ್ತಿರಲಿಲ್ಲ. ಬಳೆಗಾರ ಚಾಚಾ ಆಗ ತಿರುಗುವುದನ್ನು ಬಿಟ್ಟಿದ್ದ.

ಮಾಸ್ತರಿಣಿ ಚೀಲದಿಂದ ಪೆನ್ನು ತೆಗೆದು ಮದುವೆ ಕಾರ್ಡಿನ ಹಿಂದೆ ನಾಲ್ಕು ಸಾಲು ಬರೆದುಕೊಂಡಳು. "ಹೆಸರು ಹೇಳ್ರಿ ದೊಡ್ಡವ್ವ" ಅಂದಳು.

ಅಕ್ಕ ತನ್ನ ಹೆಸರು ಹೇಳಿದಳು, ತವರಿನ ಹೆಸರು ಹೇಳಿದಳು, ಸವಣೂರು ಅಂದಳು. ಆಮೇಲೆ ಕಾರ್ಡು ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. "ಸರಿ ಬರದಾಳೇನು ನೋಡ. ಒತ್ತು, ದೀರ್ಘ ಎಲ್ಲಾ ನೋಡ."

ನೋಡಿದೆ. ಒಂದು ದೀರ್ಘ ಬಿಟ್ಟುಹೋಗಿತ್ತು. ಮಾಸ್ತರಿಣಿಯ ಪೆನ್ನನ್ನೇ ತೆಗೆದುಕೊಂಡು ನಾನು ಅದನ್ನು ಹಾಕಿದೆ.

ನಾವು ಹೊರಡುವ ಹೊತ್ತಿಗೆ ಮಾಸ್ತರಿಣಿಯ ತಾಯಿಯ ಸಿಟ್ಟು ಇಳಿದಿರಲಿಲ್ಲ. ಉಡಿ ತುಂಬುವಾಗ ನಮ್ಮಿಬ್ಬರ ಸೆರಗಿಗೂ ಸೇರಿ ಒಂದೇ ತೆಂಗಿನಕಾಯಿ ಹಾಕಿದಳು, ಅದೂ ಅಲುಗಿಸಿದರೆ ನೀರಿಲ್ಲದ್ದು. ಅಕ್ಕ ಬಸ್ ಸ್ಟ್ಯಾಂಡಿನವರೆಗೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತ ನಡೆದಳು. ಸವಣೂರಿನ ಬಸ್ಸು ಬರುವುದರೊಳಗೆ ಎರಡು ಸಾಲು ಸಿದ್ಧವಾಗಿದ್ದವು.